ಹಳೆ ಕ್ಯಾಸೆಟ್, ಹೊಸ ಟೈಮ್‌ಲೈನ್: ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ ಸರಿಪಡಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಎಡಿಟಿಂಗ್ ರೂಮುಗಳಿಗೆ ಈಗ ಒಂದು ಬಗೆಯ ಕೆಲಸ ಮೇಲಿಂದ ಮೇಲೆ ಬರುತ್ತದೆ. ಅಪ್ಪ-ಅಮ್ಮನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿರುತ್ತದೆ. ಹಾಲ್‌ನಲ್ಲಿ ಎಲ್‌ಇಡಿ ವಾಲ್ ಹೇಳಿರುತ್ತಾರೆ. ಹಳೆ ಕ್ಯಾಸೆಟ್ಟಿನಿಂದ ಅಕ್ಕಿಕಾಳಿನ ದೃಶ್ಯ, ಆಲ್ಬಂನ ಫೋಟೊ, ಊರೂರಿನ ನೆಂಟರು ಮೊಬೈಲಿನಲ್ಲಿ ಹೇಳಿದ ಶುಭಾಶಯ, ಎಲ್ಲ ಸೇರಿಸಿ ಒಂದು ವಿಡಿಯೋ ಆಗಬೇಕು. ಆಗುತ್ತದೆ. ಆದರೆ ಪ್ಲೇ ಮಾಡಿದಾಗ ಮದುಮಗ ಗಿಡ್ಡ, ಮದುಮಗಳು ದಪ್ಪ. ಮುಂದಿನ ಕ್ಲಿಪ್‌ನಲ್ಲಿ ಅದೇ ಜೋಡಿ ಸಣಕಲು. ಟೇಪಿನ ಬಣ್ಣ ಮಾಸಿದ್ದನ್ನು ಜನ ಕ್ಷಮಿಸುತ್ತಾರೆ. ತಮ್ಮ ಮುಖ ಕೆಟ್ಟದ್ದನ್ನು ಕ್ಷಮಿಸುವುದಿಲ್ಲ.

ಇದಕ್ಕೆ ಎಲ್ಲರ ಕೈಗೆ ಮೊದಲು ಸಿಗುವ ಉಪಾಯ ಸ್ಕೇಲ್. ಅಗಲ ಮತ್ತು ಎತ್ತರವನ್ನು ಬೇರೆ ಮಾಡಿ, ಕಣ್ಣಿಗೆ ಸರಿ ಅನ್ನಿಸುವ ತನಕ ಎಳೆಯುವುದು. ಹಾಗೆ ಮಾಡಬೇಡಿ. ಕಣ್ಣು ಬಹಳ ಬೇಗ ಒಗ್ಗಿಹೋಗುತ್ತದೆ. ಸ್ವಲ್ಪ ಹೊತ್ತು ನೋಡುತ್ತ ಕೂತರೆ ದಪ್ಪ ಮುಖವೂ ಸರಿ ಅನ್ನಿಸುತ್ತದೆ. ಒಂದು ಕ್ಲಿಪ್ಪಿಗೆ 106, ಇನ್ನೊಂದಕ್ಕೆ 112 ಅಂತ ಹಾಕುತ್ತ ಹೋದರೆ ಕೊನೆಗೆ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಕ್ಲಿಪ್‌ನ ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ ಸಣ್ಣ ಚುಕ್ಕಿ, ಯಾವ ಆಕಾರದ್ದು ಅಂತ ಸಾಫ್ಟ್‌ವೇರಿಗೆ ನಿಜ ಹೇಳಿ ಸಾಕು. ಎಳೆಯುವ ಕೆಲಸ ಅದೇ ಮಾಡುತ್ತದೆ.

ಪಿಕ್ಸೆಲ್ ಯಾಕೆ ಚೌಕ ಇಲ್ಲ

ಮೊಬೈಲ್, ಕಂಪ್ಯೂಟರ್, ಈಗಿನ ಟಿವಿ, ಎಲ್ಲದರ ಪಿಕ್ಸೆಲ್ ಚೌಕ. ಹಳೆ ಟಿವಿ ವಿಡಿಯೋದ ಪಿಕ್ಸೆಲ್ ಹಾಗಲ್ಲ. ಟಿವಿ ಚಿತ್ರವನ್ನು ಡಿಜಿಟಲ್ ಮಾಡುವ ಅಂತಾರಾಷ್ಟ್ರೀಯ ನಿಯಮ ಬಂದದ್ದು 1982ರಲ್ಲಿ. ಈಗ ಅದಕ್ಕೆ ಬಿಟಿ 601 ಅನ್ನುತ್ತಾರೆ. ನಮ್ಮ ದೇಶದ ಹಳೆ ಟಿವಿಯ ಪಾಲ್ (PAL) ಪದ್ಧತಿಯ ಡಿಜಿಟಲ್ ಚಿತ್ರಕ್ಕೆ 576 ಅಡ್ಡ ಗೆರೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ, ಡಿವಿ (ಡಿಜಿಟಲ್ ವಿಡಿಯೋ) ಟೇಪಿನಲ್ಲಿ, 480 ಗೆರೆ. ಎರಡಕ್ಕೂ ಒಂದೇ ವೇಗದಲ್ಲಿ, ಅಂದರೆ 13.5 ಮೆಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ 1.35 ಕೋಟಿ ಸಲ), ಸ್ಯಾಂಪಲ್ ತೆಗೆಯಬೇಕು ಅಂತ ತೀರ್ಮಾನವಾಯಿತು. ಹೀಗಾಗಿ ಎರಡರಲ್ಲೂ ಒಂದು ಗೆರೆಗೆ 720 ಪಿಕ್ಸೆಲ್. ಚಿತ್ರದ ಆಕಾರ ಮಾತ್ರ ಎರಡರಲ್ಲೂ ಅದೇ 4:3, ಅಂದರೆ ಅಗಲ ನಾಲ್ಕು ಭಾಗವಾದರೆ ಎತ್ತರ ಮೂರು. ಗೆರೆ ಬೇರೆ ಬೇರೆ, ಗೆರೆಯೊಳಗಿನ ಪಿಕ್ಸೆಲ್ ಅಷ್ಟೇ, ಚಿತ್ರದ ಆಕಾರವೂ ಒಂದೇ. ಅಂದ ಮೇಲೆ ಪಿಕ್ಸೆಲ್ ಎರಡರಲ್ಲೂ ಚೌಕ ಇರಲು ಆಗುವುದೇ ಇಲ್ಲ, ಅಲ್ವಾ? ಪಾಲ್ ಪಿಕ್ಸೆಲ್ ಅಡ್ಡಕ್ಕೆ ಅಗಲ. ಎನ್‌ಟಿಎಸ್‌ಸಿ ಪಿಕ್ಸೆಲ್ ಸ್ವಲ್ಪ ನಿಂತಂತೆ ಸಪೂರ. ಪಿಕ್ಸೆಲ್‌ನ ಅಗಲವನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ. ಮುಂದೆ ಪಿಎಆರ್ ಅಂತ ಕರೆಯುತ್ತೇನೆ.

ನಮ್ಮ ಕೆಲಸಕ್ಕೆ ಬೇಕಾದ ಸಂಖ್ಯೆಗಳು ಇವು:

ಪಾಲ್ 4:3, 720×576: 1.094
ಪಾಲ್ ವೈಡ್‌ಸ್ಕ್ರೀನ್ (16:9), ಅದೇ 720×576: 1.4587
ಎನ್‌ಟಿಎಸ್‌ಸಿ 4:3, 720×480: 0.9091
ಎನ್‌ಟಿಎಸ್‌ಸಿ ವೈಡ್‌ಸ್ಕ್ರೀನ್, 720×480: 1.2121
ಎಚ್‌ಡಿವಿ (ಟೇಪಿನ ಎಚ್‌ಡಿ ವಿಡಿಯೋ) 1440×1080: 1.3333
ಮೊಬೈಲ್, ಈಗಿನ ಡಿಎಸ್‌ಎಲ್‌ಆರ್, ಸ್ಕ್ಯಾನ್ ಮಾಡಿದ ಫೋಟೊ: 1

ಎರಡನೆಯ ಸಾಲು ಗಮನಿಸಿ. 4:3 ಆಗಲಿ ವೈಡ್ ಆಗಲಿ, ಫೈಲಿನ ಅಳತೆ ಅದೇ 720×576. ಅಳತೆ ನೋಡಿ ಪಿಎಆರ್ ಹೇಳಲು ಬರುವುದಿಲ್ಲ. ಎಷ್ಟೋ ಗೊಂದಲ ಹುಟ್ಟುವುದು ಇಲ್ಲೇ.

1.067 ಮತ್ತು 1.094ರ ಜಗಳ

ಹಳೆ ಟ್ಯುಟೋರಿಯಲ್ ನೋಡಿದರೆ ಪಾಲ್‌ನ ಪಿಎಆರ್ 1.067 ಅಂತ ಇರುತ್ತದೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್‌ಗಳೇ ಸಿಎಸ್3 ಆವೃತ್ತಿಯ ತನಕ ಅದನ್ನು ಬಳಸುತ್ತಿದ್ದವು. ಸಿಎಸ್4ರಿಂದ 1.094 ಆಯಿತು. ಯಾವುದು ಸರಿ?

720 ಪಿಕ್ಸೆಲ್ ಪೂರ್ತಿ 4:3 ಚಿತ್ರ ಅಂತ ಹಿಡಿದರೆ 1.067 ಬರುತ್ತದೆ. ಆದರೆ ಅದು ಪೂರ್ತಿ ಚಿತ್ರ ಅಲ್ಲ. ಪಾಲ್ ಟಿವಿಯ ಒಂದು ಗೆರೆಯಲ್ಲಿ ಚಿತ್ರ ಇರುವುದು 52 ಮೈಕ್ರೋಸೆಕೆಂಡ್ ಮಾತ್ರ. ಅದನ್ನು 13.5 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ 702 ಪಿಕ್ಸೆಲ್. ಉಳಿದ 18 ಎರಡು ಅಂಚಿಗೆ ಹಂಚಿಹೋಗಿವೆ. ಟೇಪಿನಿಂದ ಕ್ಯಾಪ್ಚರ್ ಮಾಡಿದ ವಿಡಿಯೋದ ಎಡ-ಬಲಕ್ಕೆ ಸಣ್ಣ ಕಪ್ಪು ಪಟ್ಟಿ ಕಾಣುತ್ತದಲ್ಲ, ಅದರ ಮೂಲ ಇದೇ. 4:3 ಆಗಿರುವುದು ಆ 702 ಪಿಕ್ಸೆಲ್. 576ಕ್ಕೆ 4:3 ಅಗಲ 768. ಅದನ್ನು 702ರಿಂದ ಭಾಗಿಸಿದರೆ 1.094.

ಎರಡರ ನಡುವೆ ಇರುವುದು ಶೇಕಡಾ ಎರಡೂವರೆ ವ್ಯತ್ಯಾಸ. ಒಂಟಿ ಕ್ಲಿಪ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಳೆ ಪ್ರಾಜೆಕ್ಟಿನ ಗ್ರಾಫಿಕ್ಸ್ 768 (720×1.067) ಲೆಕ್ಕದಲ್ಲಿ, ಹೊಸದು 788 (720×1.094) ಲೆಕ್ಕದಲ್ಲಿ ಇದ್ದು, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಅಂಚುಗಳು ಹೊಂದುವುದಿಲ್ಲ. ಒಂದು ಪ್ರಾಜೆಕ್ಟಿಗೆ ಒಂದೇ ಲೆಕ್ಕ ಇರಲಿ. ನನ್ನ ಮತ 1.094ಕ್ಕೆ.

ಮೊದಲು ಫೈಲನ್ನು ಗುರುತಿಸಿ

ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮುಂಚೆ ಪ್ರತಿ ಫೈಲನ್ನೂ ಮೀಡಿಯಾಇನ್ಫೋ ಎಂಬ, ಫೈಲಿನ ವಿವರ ತೋರಿಸುವ ಸಾಫ್ಟ್‌ವೇರಿನಲ್ಲಿ ನೋಡಿ. ಅದು ಉಚಿತ. ವಿಡ್ತ್, ಹೈಟ್, ಡಿಸ್‌ಪ್ಲೇ ಆಸ್ಪೆಕ್ಟ್ ರೇಶಿಯೋ, ಸ್ಕ್ಯಾನ್ ಟೈಪ್, ಸ್ಕ್ಯಾನ್ ಆರ್ಡರ್, ಈ ಐದು ಸಾಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 720×576 ಇದ್ದು ಡಿಸ್‌ಪ್ಲೇ 16:9 ಅಂದರೆ ವೈಡ್ ಟೇಪ್.

ಆದರೆ ಫೈಲು ಹೇಳುವುದೆಲ್ಲ ನಿಜ ಅಲ್ಲ. ಡಿವಿಡಿ ಮಾಡುವಾಗ ತಪ್ಪು ಆಯ್ಕೆ ಒತ್ತಿದ್ದರೆ ವೈಡ್ ಚಿತ್ರಕ್ಕೆ 4:3 ಎಂಬ ಗುರುತು ಬಿದ್ದಿರುತ್ತದೆ. ಆಗ ಜನ ಕಾಲು ಭಾಗ ಸಪೂರ ಕಾಣುತ್ತಾರೆ. ಅಮೆರಿಕದಲ್ಲಿರುವ ಮಾವ ಊರಿಗೆ ಬಂದಾಗ ತನ್ನ ಕ್ಯಾಮೆರಾದಲ್ಲಿ ತೆಗೆದ ಟೇಪಾದರೆ ಎನ್‌ಟಿಎಸ್‌ಸಿ ಇರಬಹುದು. ಅದನ್ನು ಚೌಕ ಪಿಕ್ಸೆಲ್ ಅಂತ ತೋರಿಸಿದರೆ ಎಲ್ಲರೂ ಶೇಕಡಾ ಹತ್ತು ದಪ್ಪ. ಹಾಗಾಗಿ ಅಳೆದು ನೋಡುವ ಒಂದು ದಾರಿ ಗೊತ್ತಿರಬೇಕು.

ಚಿತ್ರದಲ್ಲಿ ದುಂಡಗಿನ ವಸ್ತು ಹುಡುಕಿ. ಗೋಡೆ ಗಡಿಯಾರ, ಸೈಕಲ್ ಗಾಲಿ, ಮೆರವಣಿಗೆಯ ಚಕ್ಕಡಿ ಗಾಲಿ. ಅದು ಕ್ಯಾಮೆರಾಕ್ಕೆ ನೇರ ಎದುರಾಗಿರಬೇಕು, ಫ್ರೇಮಿನ ನಡುಭಾಗದ ಹತ್ತಿರ ಇರಬೇಕು. ಅಂಚಿನಲ್ಲಿದ್ದರೆ ಲೆನ್ಸೇ ಎಳೆದಿರುತ್ತದೆ. ಕ್ಲಿಪ್‌ನ ಪಿಎಆರ್ ತಾತ್ಕಾಲಿಕವಾಗಿ ಸ್ಕ್ವೇರ್ ಅಂತ ಇಟ್ಟು, ಆಫ್ಟರ್ ಎಫೆಕ್ಟ್ಸ್‌ನ ಚೌಕ ಪಿಕ್ಸೆಲ್ ಕಂಪೋಸಿಷನ್‌ನಲ್ಲಿ (ಪದರ ಜೋಡಿಸುವ ಟೈಮ್‌ಲೈನ್) ಶೇಪ್ ಟೂಲಿನಿಂದ ಗಡಿಯಾರದ ಸುತ್ತ ಒಂದು ಪೆಟ್ಟಿಗೆ ಬಿಡಿಸಿ. ಪೆಟ್ಟಿಗೆಯ ಎತ್ತರವನ್ನು ಅಗಲದಿಂದ ಭಾಗಿಸಿ. ಅದೇ ನಿಮ್ಮ ಪಿಎಆರ್. 100 ಅಗಲಕ್ಕೆ 109 ಎತ್ತರ ಬಂದರೆ ಪಾಲ್ 4:3. 146ರ ಹತ್ತಿರ ಬಂದರೆ ಪಾಲ್ ವೈಡ್. 133 ಅಂದರೆ ಎಚ್‌ಡಿವಿ. 91 ಅಂದರೆ ಅಮೆರಿಕದ ಮಾವ. ಒಂದೆರಡು ಅಂಕಿ ಅತ್ತಿತ್ತ ಆದರೂ ಯಾವುದು ಅಂತ ಗೊತ್ತಾಗಿಯೇ ಆಗುತ್ತದೆ, ಯಾಕಂದರೆ ಈ ಸಂಖ್ಯೆಗಳು ಒಂದಕ್ಕೊಂದು ಸಾಕಷ್ಟು ದೂರ ಇವೆ.

ಇನ್ನೊಂದು ಹೊಸ ರೋಗ ಇದೆ. ವಿಸಿಆರ್‌ನ ಹಳದಿ-ಕೆಂಪು-ಬಿಳಿ ವೈರನ್ನು ಎಚ್‌ಡಿಎಂಐ ಮಾಡುವ ಅಗ್ಗದ ಡಬ್ಬಿಗಳು ಬರುತ್ತವೆ. ಅವುಗಳಲ್ಲಿ ಎಷ್ಟೋ 4:3 ಚಿತ್ರವನ್ನು 16:9 ತುಂಬುವಷ್ಟು ಎಳೆದುಬಿಡುತ್ತವೆ. ಆಮೇಲೆ ಕ್ಯಾಪ್ಚರ್ ಆದ ಫೈಲು 1920×1080, ಪಿಎಆರ್ 1, ಮೀಡಿಯಾಇನ್ಫೋ ಪ್ರಕಾರ ಎಲ್ಲ ಸರಿ. ಜನ ಮಾತ್ರ ಮೂರನೇ ಒಂದು ಭಾಗ ದಪ್ಪ. ಟೇಪ್ ಇನ್ನೂ ಕೈಯಲ್ಲಿದ್ದರೆ ಬೇರೆ ಸಾಧನದಲ್ಲಿ ಮತ್ತೆ ಕ್ಯಾಪ್ಚರ್ ಮಾಡಿ. ಟೇಪ್ ಹೋಗಿದ್ದರೆ ಅಗಲದ ಸ್ಕೇಲ್ ಅನ್ನು 75ಕ್ಕೆ ಇಳಿಸಿ, ಎತ್ತರ 100 ಇರಲಿ. ಬೇಡ ಅಂದ ಎಳೆದಾಟವನ್ನು ನಾನೇ ಮಾಡಿ ಅನ್ನುವ ಜಾಗ ಇದು. ಇಲ್ಲಿ ಕೂಡ ಕಣ್ಣಳತೆ ಬೇಡ, ಸಂಖ್ಯೆ ಟೈಪ್ ಮಾಡಿ.

ಸಾಫ್ಟ್‌ವೇರಿಗೆ ಹೇಳುವುದು

ಪ್ರೀಮಿಯರ್ ಪ್ರೊದಲ್ಲಿ ಪ್ರಾಜೆಕ್ಟ್ ಪ್ಯಾನೆಲ್‌ನ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, ಮಾಡಿಫೈ, ಅದರೊಳಗೆ ಇಂಟರ್‌ಪ್ರೆಟ್ ಫೂಟೇಜ್. ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋದಲ್ಲಿ ಕನ್‌ಫಾರ್ಮ್ ಟು ಆರಿಸಿ ಸರಿಯಾದದ್ದನ್ನು ಕೊಡಿ. ಒಂದೇ ಟೇಪಿನ ಕ್ಲಿಪ್‌ಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿಯೂ ಕೊಡಬಹುದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಫೈಲ್ ಮೆನುವಿನ ಇಂಟರ್‌ಪ್ರೆಟ್ ಫೂಟೇಜ್, ಮೇನ್. ಡಾವಿಂಚಿ ರಿಸಾಲ್ವ್‌ನಲ್ಲಿ ಮೀಡಿಯಾ ಪೂಲ್‌ನ ಕ್ಲಿಪ್ ಆಟ್ರಿಬ್ಯೂಟ್ಸ್. ನಮ್ಮ ಕಡೆ ಮದುವೆ ಎಡಿಟಿಂಗ್ ಮಾಡುವವರಲ್ಲಿ ಎಡಿಯಸ್ ಬಳಸುವವರೂ ಇದ್ದಾರೆ. ಅವರು ಬಿನ್‌ನಲ್ಲಿ ಕ್ಲಿಪ್‌ನ ಪ್ರಾಪರ್ಟೀಸ್ ತೆರೆದು ವಿಡಿಯೋ ಇನ್ಫೋದಲ್ಲಿ ಆಸ್ಪೆಕ್ಟ್ ರೇಶಿಯೋ ಬದಲಾಯಿಸಬಹುದು. ಕೆಡೆನ್‌ಲೈವ್‌ನಲ್ಲಿ ಕ್ಲಿಪ್ ಪ್ರಾಪರ್ಟೀಸ್‌ನೊಳಗೆ ಆಸ್ಪೆಕ್ಟ್ ರೇಶಿಯೋ ಒತ್ತಾಯಿಸುವ ಆಯ್ಕೆ ಇದೆ. ಅಲ್ಲಿ ಕೊಡುವುದು ಪಿಎಆರ್ ಅಲ್ಲ, ಇಡೀ ಚಿತ್ರದ ಆಕಾರ, 4:3 ಅಥವಾ 16:9.

ಟೈಮ್‌ಲೈನಿನಲ್ಲಿ ಇರುವ ಕ್ಲಿಪ್ಪಿಗೆ ಅಲ್ಲ, ಮೂಲ ಕ್ಲಿಪ್ಪಿಗೇ ಇದನ್ನು ಕೊಡಬೇಕು. ಒಮ್ಮೆ ಕೊಟ್ಟರೆ ಎಲ್ಲೆಲ್ಲಿ ಬಳಸಿದರೂ ಸರಿ ಇರುತ್ತದೆ.

ಸ್ಕೇಲ್‌ಗೆ ಮುಂಚೆ ಫೀಲ್ಡ್

ಟೇಪ್ ಚಿತ್ರ ಇಂಟರ್‌ಲೇಸ್ಡ್. ಒಂದು ಫ್ರೇಮಿನಲ್ಲಿ ಬೇರೆ ಬೇರೆ ಕ್ಷಣದ ಎರಡು ಅರ್ಧ ಚಿತ್ರ ಹೆಣೆದುಕೊಂಡಿರುತ್ತವೆ. ಆ ಅರ್ಧ ಚಿತ್ರವೇ ಫೀಲ್ಡ್. ಅವನ್ನು ಬಿಡಿಸದೆ ದೊಡ್ಡದು ಮಾಡಿದರೆ ಆ ಗೆರೆಗಳು ಕಲಸಿಹೋಗುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಪಿಎಆರ್ ಕೊಡುವ ಜಾಗದಲ್ಲೇ ಫೀಲ್ಡ್ ಆರ್ಡರ್ ಕೂಡ ಇರುತ್ತದೆ. ಡಿವಿ ಟೇಪಾದರೆ ಲೋವರ್ ಫೀಲ್ಡ್ ಫಸ್ಟ್, ಎಚ್‌ಡಿವಿ ಆದರೆ ಅಪ್ಪರ್. ಬೇರೆ ಸಾಧನದಿಂದ ಬಂದ ವಿಎಚ್‌ಎಸ್ (ಹಳೆ ದೊಡ್ಡ ಕ್ಯಾಸೆಟ್) ಕ್ಯಾಪ್ಚರ್‌ಗೆ ಮೀಡಿಯಾಇನ್ಫೋ ನೋಡಿ. ಚಲನೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನಡುಗಿದರೆ ಆರ್ಡರ್ ತಿರುಗಾಮುರುಗಾ ಆಗಿದೆ ಅಂತ ಅರ್ಥ.

ಟೈಮ್‌ಲೈನ್ ಯಾವುದು

ಚೌಕ ಪಿಕ್ಸೆಲ್, 1920×1080, ಸೆಕೆಂಡಿಗೆ 25 ಫ್ರೇಮ್, ಪ್ರೋಗ್ರೆಸಿವ್ (ಫೀಲ್ಡ್ ಇಲ್ಲದ ಪೂರ್ತಿ ಫ್ರೇಮ್). ಇದನ್ನು ಕೈಯಿಂದಲೇ ಮಾಡಿ. ಖಾಲಿ ಟೈಮ್‌ಲೈನಿಗೆ ಮೊದಲ ಕ್ಲಿಪ್ಪಾಗಿ ಹಳೆ ಟೇಪನ್ನು ಎಳೆದುಹಾಕಿದರೆ ಸಾಫ್ಟ್‌ವೇರ್ ಅದಕ್ಕೆ ಹೊಂದುವ 720×576 ಸೀಕ್ವೆನ್ಸ್ ಮಾಡಿಕೊಡಬಹುದು. ಆಮೇಲೆ ಬರುವ ಮೊಬೈಲ್ ವಿಡಿಯೋ ಎಲ್ಲ ಅದರೊಳಗೆ ಕುಗ್ಗಿ ಕೂರುತ್ತದೆ.

ಈಗ ಲೆಕ್ಕ ಬಹಳ ಚೆಂದ ಕೂಡುತ್ತದೆ. 576 ಗೆರೆ 1080 ಆಗಲು ಸ್ಕೇಲ್ 187.5. ಪಾಲ್ 4:3 ಕ್ಲಿಪ್‌ನ ಅಗಲ ಪಿಎಆರ್ ಸೇರಿ 788, ಅದು 1477 ಆಗುತ್ತದೆ. ಎಡ-ಬಲದಿಂದ ಮೂಲದ 9 ಪಿಕ್ಸೆಲ್ ಕ್ರಾಪ್ ಮಾಡಿ. ಕಪ್ಪು ಅಂಚು ಹೋಗುತ್ತದೆ, ಉಳಿಯುವುದು ಸರಿಯಾಗಿ 1440. ಎರಡೂ ಬದಿಗೆ 240 ಪಿಕ್ಸೆಲ್ ಖಾಲಿ.

ಈ ಖಾಲಿ ಜಾಗವೇ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು. "ಎರಡೂ ಕಡೆ ಕರೀದು ಯಾಕ ಬಿಟ್ಟೀರಿ? ಫುಲ್ ಸ್ಕ್ರೀನ್ ಮಾಡ್ರಿ." ಎಳೆದು ತುಂಬಿದರೆ ದಪ್ಪ. ಮೇಲೆ-ಕೆಳಗೆ ಕತ್ತರಿಸಿ ತುಂಬಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಹಳೆ ವಿಡಿಯೋಗ್ರಾಫರ್‌ಗಳು ತಲೆಯ ಮೇಲೆ ಜಾಗ ಬಿಟ್ಟಿದ್ದೇ ಕಡಿಮೆ, ಹಾಗಾಗಿ ಬಾಸಿಂಗ ಕತ್ತರಿಸಿಹೋಗುತ್ತದೆ. ಮೂರೂ ಬಗೆಯ ಒಂದೊಂದು ಫ್ರೇಮ್ ತೆಗೆದು ಮೊಬೈಲಿಗೆ ಕಳಿಸಿ, ಯಾವುದು ಬೇಕು ಅಂತ ಕೇಳಿ. ಅಜ್ಜಿಯ ಮುಖ ಎರಡು ಆಕಾರದಲ್ಲಿ ಅಕ್ಕಪಕ್ಕ ಕಂಡರೆ ವಾದ ಅಲ್ಲಿಗೇ ಮುಗಿಯುತ್ತದೆ. ಬದಿಗೆ ಅದೇ ಚಿತ್ರವನ್ನು ಮಸುಕು ಮಾಡಿ ಹಾಕುವ ಪದ್ಧತಿ ಇದೆ. ನನಗೆ ಅದು ಹಿಡಿಸುವುದಿಲ್ಲ, ಕಣ್ಣು ಬದಿಯಲ್ಲಿ ಓಡಾಡುವ ಬಣ್ಣದ ಕಡೆಗೇ ಹೋಗುತ್ತದೆ. ಕಡು ಬಣ್ಣದ ಸಾದಾ ಹಿನ್ನೆಲೆ, ಬೇಕಿದ್ದರೆ ಇಳಕಲ್ ಸೀರೆಯ ಅಂಚಿನ ಒಂದು ಪಟ್ಟಿ. ಅಷ್ಟು ಸಾಕು.

ಕಂಪೋಸಿಟಿಂಗ್‌ನಲ್ಲಿ ಕಾಲು ಜಾರುವ ಜಾಗಗಳು

ಕಂಪೋಸಿಟಿಂಗ್ ಅಂದರೆ ಬೇರೆ ಬೇರೆ ಚಿತ್ರ, ಅಕ್ಷರಗಳನ್ನು ಒಂದರ ಮೇಲೊಂದು ಕೂರಿಸುವುದು. ಆಫ್ಟರ್ ಎಫೆಕ್ಟ್ಸ್‌ನ ಕಂಪೋಸಿಷನ್ ಕೂಡ ಚೌಕ ಪಿಕ್ಸೆಲ್‌ನದೇ ಇರಲಿ. ಚೌಕವಲ್ಲದ ಕಂಪೋಸಿಷನ್‌ನಲ್ಲಿ ಕೆಲವು ಪ್ಲಗಿನ್‌ಗಳ ಗ್ಲೋ, ಫ್ಲೇರ್, ರೇಡಿಯಲ್ ಬ್ಲರ್ ದುಂಡಗೆ ಬರದೆ ಮೊಟ್ಟೆ ಆಕಾರ ಆಗುತ್ತದೆ. ಯಾರಾದರೂ ಪಾಲ್ ಫೈಲೇ ಬೇಕು ಅಂದರೆ, ಎಲ್ಲ ಮುಗಿದ ಮೇಲೆ ಆ ಚೌಕ ಕಂಪೋಸಿಷನ್ ಅನ್ನು ಒಂದು ಪಾಲ್ ಕಂಪೋಸಿಷನ್ ಒಳಗೆ ಇಟ್ಟು ರೆಂಡರ್ ಮಾಡಿ.

ಫೋಟೊ ಸ್ಕ್ಯಾನ್ ಮಾಡಿ 720×576 ಅಳತೆಗೆ ಕತ್ತರಿಸಿ ಇಡುವ ರೂಢಿ ಕೆಲವರಿಗೆ ಇನ್ನೂ ಇದೆ. ಆಫ್ಟರ್ ಎಫೆಕ್ಟ್ಸ್ ಆ ಅಳತೆ ಕಂಡರೆ ಪಾಲ್ ವಿಡಿಯೋ ಅಂತಲೇ ತಿಳಿದು 1.094 ಹಚ್ಚಿಬಿಡುತ್ತದೆ. ಫೋಟೊದ ಜನ ಸುಮ್ನೆ ದಪ್ಪ ಆಗುತ್ತಾರೆ. ಇಂಟರ್‌ಪ್ರೆಟ್ ಫೂಟೇಜ್‌ಗೆ ಹೋಗಿ ಸ್ಕ್ವೇರ್ ಮಾಡಿ, ಅಥವಾ ಮೊದಲೇ ದೊಡ್ಡದಾಗಿ ಸ್ಕ್ಯಾನ್ ಮಾಡಿ.

ಪಿಕ್ಸೆಲ್ ಆಸ್ಪೆಕ್ಟ್ ಕರೆಕ್ಷನ್ ಎಂಬ ಒಂದು ಗುಂಡಿ ವೀಕ್ಷಣೆಯ ಪ್ಯಾನೆಲ್‌ನಲ್ಲಿ ಇರುತ್ತದೆ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲೂ ಇದೆ. ಅದು ನೋಟಕ್ಕೆ ಮಾತ್ರ. ಆನ್ ಮಾಡಿದರೆ ಆಕಾರ ಸರಿ ಕಾಣುತ್ತದೆ, ಅಂಚುಗಳು ಸ್ವಲ್ಪ ಹಲ್ಲುಹಲ್ಲಾಗಿ ಕಾಣಬಹುದು. ಆ ಹಲ್ಲು ರೆಂಡರ್‌ಗೆ ಬರುವುದಿಲ್ಲ, ಗಾಬರಿ ಬೇಡ.

ಕ್ಯಾಮೆರಾ ಟ್ರ್ಯಾಕಿಂಗ್ (ಕ್ಯಾಮೆರಾ ಹೇಗೆ ಚಲಿಸಿತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುವುದು) ಇದ್ದರೆ ಪಿಎಆರ್ ತಪ್ಪು ನೇರವಾಗಿ ಕಾಡುತ್ತದೆ. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಕಡೆದ ಕಂಬಗಳ ಪಕ್ಕ ಕ್ಯಾಮೆರಾ ಸಾಗುತ್ತದೆ, ಅಲ್ಲಿ 3ಡಿ ಅಕ್ಷರ ನಿಲ್ಲಿಸಬೇಕು ಅಂತಿಟ್ಟುಕೊಳ್ಳಿ. ಫೂಟೇಜ್ ಎಚ್‌ಡಿವಿ, 1440×1080. ಅದನ್ನು ಪಿಎಆರ್ 1 ಅಂತ ಬಿಟ್ಟು ಟ್ರ್ಯಾಕ್ ಮಾಡಿದರೆ ಸಾಫ್ಟ್‌ವೇರ್ ಕುಗ್ಗಿದ ಜಗತ್ತಿಗೆ ಹೊಂದುವ ಲೆನ್ಸನ್ನು ಹುಡುಕುತ್ತದೆ. ಅಕ್ಷರ ಕಂಬದ ಬುಡದಲ್ಲಿ ನಿಲ್ಲದೆ ಜಾರುತ್ತದೆ. ಟ್ರ್ಯಾಕ್ ಆದ ಮೇಲೆ ಪಿಎಆರ್ ಸರಿಮಾಡಿದರೆ ಪ್ರಯೋಜನ ಇಲ್ಲ, ಮತ್ತೆ ಟ್ರ್ಯಾಕ್ ಮಾಡಬೇಕು. ನ್ಯೂಕ್ ಎಂಬ ಕಂಪೋಸಿಟಿಂಗ್ ಸಾಫ್ಟ್‌ವೇರ್ ಬಳಸುವವರು ರೀಡ್ ನೋಡ್‌ನ ಫಾರ್ಮ್ಯಾಟ್‌ನಲ್ಲಿ ಪಿಎಆರ್ ಸರಿ ಇದೆಯೇ ನೋಡಿ, ಆಮೇಲೆ ರೀಫಾರ್ಮ್ಯಾಟ್ ಹಾಕಲಿ.

ಮೊಬೈಲಿಗೆ ಹಾಕುವ 1.33 ಪಟ್ಟಿನ ಅನಾಮಾರ್ಫಿಕ್ ಲೆನ್ಸ್‌ಗೂ ಇದೇ ವಿದ್ಯೆ. ಫೈಲು ಚೌಕ ಅನ್ನುತ್ತದೆ, ಲೆನ್ಸ್ ಚಿತ್ರವನ್ನು ಅಡ್ಡಕ್ಕೆ ಕುಗ್ಗಿಸಿರುತ್ತದೆ. 1.3333 ಕೊಟ್ಟರೆ 16:9 ಚಿತ್ರ 2.37:1ರ ಸಿನಿಮಾ ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ.

ಹೊರಗೆ ಕೊಡುವಾಗ

ಎಚ್.264, 1920×1080, ಸ್ಕ್ವೇರ್ ಪಿಕ್ಸೆಲ್, ಪ್ರೋಗ್ರೆಸಿವ್. ಪಿಎಆರ್ ಗುರುತನ್ನು ಓದದ ಪ್ಲೇಯರ್‌ಗಳು ಬಹಳ ಇವೆ, ಹಾಗಾಗಿ ಗಿರಾಕಿಯ ಕೈಗೆ ಚೌಕವಲ್ಲದ ಫೈಲ್ ಕೊಡಬೇಡಿ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಸೋರ್ಸ್ ಸ್ಕೇಲಿಂಗ್ ಎಂಬುದು ಸ್ಟ್ರೆಚ್ ಟು ಫಿಲ್ ಆಗಿ ಕೂತಿದೆಯೇ ನೋಡಿ. ಫಿಟ್ ಇರಬೇಕು. ಬರೀ ಹಳೆ ಟೇಪನ್ನೇ ಯೂಟ್ಯೂಬ್‌ಗೆ ಹಾಕುವುದಾದರೆ ಬದಿಯ ಕಪ್ಪು ಬೇಡ, 1440×1080 ಚೌಕ ಪಿಕ್ಸೆಲ್‌ನಲ್ಲಿ ಕೊಡಿ. ಪಟ್ಟಿ ಬೇಕಾದ ಕಡೆ ಅದೇ ಹಾಕಿಕೊಳ್ಳುತ್ತದೆ. "ಟಿವ್ಯಾಗ ಹಾಕಿದ್ರ ದಪ್ಪ ಕಾಣ್ತದ" ಅಂತ ಫೋನ್ ಬಂದರೆ ಮೊದಲು ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಏನಿದೆ ಅಂತ ಕೇಳಿ.

ಎಲ್‌ಇಡಿ ವಾಲ್ ಬೇರೆಯೇ ಕಥೆ. ಅದರ ಪಿಕ್ಸೆಲ್ ಚೌಕ. ಆದರೆ ವಾಲ್ 16:9 ಇರುವುದು ಅಪರೂಪ. ವಾಲ್ ಜೋಡಿಸುವ ಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನುತ್ತಾರೆ. 3.91 ಪಿಚ್‌ನ (ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ 3.91 ಮಿ.ಮೀ.) ಅರ್ಧ ಮೀಟರ್ ಕ್ಯಾಬಿನೆಟ್ ಒಂದಕ್ಕೆ 128×128 ಪಿಕ್ಸೆಲ್. ಅಡ್ಡಕ್ಕೆ 8, ಎತ್ತರಕ್ಕೆ 5 ಜೋಡಿಸಿದರೆ 4 ಮೀಟರ್ ಅಗಲ, 2.5 ಮೀಟರ್ ಎತ್ತರ, 1024×640. ಅದರ ಆಕಾರ 1.6:1. ಆಪರೇಟರ್ ನಿಮ್ಮ 16:9 ವಿಡಿಯೋವನ್ನು ವಾಲ್ ತುಂಬಾ ಕೂರಿಸಿದರೆ ಎಲ್ಲರೂ ಶೇಕಡಾ ಹತ್ತು ಸಪೂರ. ಇದಕ್ಕೆ ಯಾರೂ ದೂರುವುದಿಲ್ಲ, ಆದರೂ ತಪ್ಪು ತಪ್ಪೇ.

ಹಿಂದಿನ ದಿನವೇ ಆಪರೇಟರ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಅಡ್ಡಕ್ಕೆ ಎಷ್ಟು ಕ್ಯಾಬಿನೆಟ್, ಎತ್ತರಕ್ಕೆ ಎಷ್ಟು? ಸಿಗ್ನಲ್ ಅನ್ನು ವಾಲ್‌ಗೆ ಸ್ಕೇಲ್ ಮಾಡುತ್ತೀರಾ, ಇಲ್ಲ ಪಿಕ್ಸೆಲ್‌ಗೆ ಪಿಕ್ಸೆಲ್ ಕೊಡುತ್ತೀರಾ? ಪಿಕ್ಸೆಲ್‌ಗೆ ಪಿಕ್ಸೆಲ್ ಅಂದರೆ 1024×640 ಚಿತ್ರ ಮಾಡಿ, 1920×1080ರ ಯಾವ ಮೂಲೆಯಿಂದ ಅವರು ತೆಗೆದುಕೊಳ್ಳುತ್ತಾರೋ ಅಲ್ಲಿ ಕೂರಿಸಿ. ಸ್ಕೇಲ್ ಅಂದರೆ ಉಲ್ಟಾ ಲೆಕ್ಕ. ವಾಲ್‌ನ ಆಕಾರಕ್ಕೆ ಹೊಂದುವ 1728×1080 ಚೌಕ ಕಂಪೋಸಿಷನ್ ಮಾಡಿ, ಕೊನೆಯಲ್ಲಿ ಅದನ್ನು 1920 ಅಗಲಕ್ಕೆ ಎಳೆಯಿರಿ. ಅಂದರೆ ಬೇಕಂತಲೇ 0.9 ಪಿಎಆರ್‌ನ ಫೈಲ್ ಮಾಡುತ್ತಿದ್ದೀರಿ. ನಿಮ್ಮ ಮಾನಿಟರ್‌ನಲ್ಲಿ ದಪ್ಪ ಕಾಣುತ್ತದೆ, ವಾಲ್ ಮೇಲೆ ಸರಿ ಕಾಣುತ್ತದೆ. ಇದೇ ರೀತಿ ಎಳೆದ ಒಂದು ದುಂಡನೆ ವೃತ್ತದ ಕಾರ್ಡನ್ನು ಬೇರೆ ಫೈಲಾಗಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಜನ ಸೇರುವ ಮುಂಚೆ ಹಾಕಿಸಿ ನೋಡಿ. ಫೈಲಿನ ಹೆಸರಿನಲ್ಲೇ 'ವಾಲ್‌ಗೆ ಮಾತ್ರ' ಅಂತ ಬರೆಯಿರಿ. ಇಲ್ಲದಿದ್ದರೆ ಸಮಾರಂಭ ಮುಗಿದ ರಾತ್ರಿಯೇ ಅದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಗಿರುತ್ತದೆ.